ವಿಕಿಪೀಡಿಯದ ‘ಚುಟುಕಾದ ಬದಲಾವಣೆ’: ಯಾವಾಗ ಟಿಕ್ ಹಾಕಬೇಕು, ಯಾವಾಗ ಬಿಡಬೇಕು

ಕನ್ನಡ ವಿಕಿಪೀಡಿಯದಲ್ಲಿ ಹೊಸದಾಗಿ ತಿದ್ದಲು ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: “ಏನು ತಿದ್ದಿದೆವೆಂದು ಸಾರಾಂಶ ಬರೆಯುವ ಜಾಗದ ಕೆಳಗೆ ‘ಇದು ಚುಟುಕಾದ ಬದಲಾವಣೆ’ ಅಂತ ಒಂದು ಚೌಕ ಇದೆಯಲ್ಲ, ಅದಕ್ಕೆ ಟಿಕ್ ಹಾಕಲೋ ಬೇಡವೋ?” ಕಾರ್ಯಾಗಾರದಲ್ಲಿ ಕೇಳುತ್ತಾರೆ, ಚರ್ಚೆ ಪುಟದಲ್ಲಿ ಕೇಳುತ್ತಾರೆ. ಎರಡು ವರ್ಷದಿಂದ ತಿದ್ದುತ್ತಿರುವವರು ಪಕ್ಕಕ್ಕೆ ಕರೆದು ಸಂಕೋಚದಿಂದ ಕೇಳಿದ್ದೂ ಉಂಟು. ಒಂದೇ ಸಾಲಿನಲ್ಲಿ ಉತ್ತರ ಹೇಳಿದರೆ ಅರ್ಧ ಸರಿ, ಅರ್ಧ ತಪ್ಪಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಉದಾಹರಣೆಗಳೆಲ್ಲ ಕನ್ನಡ ವಿಕಿಪೀಡಿಯದವು. ಆದರೆ ಅದು ಓಡುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ವಿಕಿಸೋರ್ಸ್, ವಿಕ್ಷನರಿ, 2016ರಲ್ಲಿ ಶುರುವಾದ ತುಳು ವಿಕಿಪೀಡಿಯ ಎಲ್ಲವೂ ಅದರ ಮೇಲೆಯೇ ನಡೆಯುವುದರಿಂದ ಅಲ್ಲಿಗೂ ಇದೇ ವಿಧಾನ ಹೊಂದುತ್ತದೆ.

ಆ ಚೌಕ ಮಾಡುವುದಾದರೂ ಏನು?

ವಿಕಿಯಲ್ಲಿ ಯಾರು ಯಾವ ಪುಟ ಮುಟ್ಟಿದರೂ ಅದು ‘ಇತ್ತೀಚೆಗಿನ ಬದಲಾವಣೆಗಳು’ ಪಟ್ಟಿಯಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ಆ ಪುಟದ ಮೇಲೆ ಕಣ್ಣಿಟ್ಟವರ ‘ವೀಕ್ಷಣಾ ಪಟ್ಟಿ’ಗೂ ಹೋಗುತ್ತದೆ. ವೀಕ್ಷಣಾ ಪಟ್ಟಿ ಎಂದರೆ ನೀವು ಆರಿಸಿಟ್ಟುಕೊಂಡ ಪುಟಗಳಲ್ಲಿ ಏನೇನು ಬದಲಾಯಿತು ಎಂದು ತೋರಿಸುವ ನಿಮ್ಮ ಸ್ವಂತ ಪಟ್ಟಿ. ನೀವು ಚೌಕಕ್ಕೆ ಟಿಕ್ ಹಾಕಿದರೆ ಆ ಸಾಲಿನ ಪಕ್ಕದಲ್ಲಿ ದಪ್ಪಕ್ಷರದ ‘ಚು’ ಬರುತ್ತದೆ. ಇಂಟರ್‌ಫೇಸ್ ಇಂಗ್ಲಿಷಿನಲ್ಲಿದ್ದರೆ ‘ಎಮ್’ ಅಕ್ಷರ. ಅಷ್ಟೇ. ಲೇಖನದ ಪಠ್ಯದಲ್ಲಿ ಇದರಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಓದುಗರಿಗೆ ಕಾಣುವುದೂ ಇಲ್ಲ.

ಹಾಗಾದರೆ ಯಾಕೆ ಇಷ್ಟು ತಲೆಬಿಸಿ? ಪಟ್ಟಿ ನೋಡುವವರು ‘ಚು’ ಇರುವ ಸಾಲುಗಳನ್ನು ಮರೆಮಾಡಬಹುದು. ಹಲವರು ಮಾಡುತ್ತಾರೆ. ಮರೆಮಾಡದವರೂ ಆ ಅಕ್ಷರ ಕಂಡರೆ ತೆರೆಯದೆ ಮುಂದೆ ಹೋಗುತ್ತಾರೆ. ಅಂದರೆ ಟಿಕ್ ಹಾಕಿದಾಗ ನೀವು ಕಾಣದ ಹತ್ತಾರು ಜನಕ್ಕೆ ಒಂದು ಮಾತು ಕೊಡುತ್ತಿದ್ದೀರಿ: “ಇದನ್ನು ತೆರೆದು ನೋಡದಿದ್ದರೂ ನಡೆಯುತ್ತದೆ, ನಾನು ಅರ್ಥ ಮುಟ್ಟಿಲ್ಲ.” ಎಷ್ಟು ಅಕ್ಷರ ಒತ್ತಿದಿರಿ ಎಂಬುದಕ್ಕೂ ಈ ಮಾತಿಗೂ ಸಂಬಂಧವಿಲ್ಲ. ಬಹುತೇಕ ಗೊಂದಲ ಹುಟ್ಟುವುದು ‘ಚುಟುಕು’ ಎಂಬ ಪದವನ್ನು ಅಳತೆ ಎಂದು ಓದುವುದರಿಂದ.

ಏನೇನು ಬೇಕು?

ಒಂದು ಖಾತೆ. ಆದಷ್ಟು ಕಂಪ್ಯೂಟರ್, ಇಲ್ಲದಿದ್ದರೆ ಫೋನಿನಲ್ಲೇ ಡೆಸ್ಕ್‌ಟಾಪ್ ನೋಟ. ಕೈ ಪಳಗುವವರೆಗೆ ನಿಮ್ಮ ‘ಪ್ರಯೋಗಪುಟ’. ಖಾತೆ ಇದ್ದವರಿಗೆಲ್ಲ ಮೇಲ್ಗಡೆಯ ಕೊಂಡಿಗಳ ನಡುವೆ ಸಿಗುವ ಈ ಪುಟದಲ್ಲಿ ಏನು ಬರೆದು ಅಳಿಸಿದರೂ ಕೇಳುವವರಿಲ್ಲ.

ಹಂತ 1: ಲಾಗಿನ್ ಆಗಿ

ಖಾತೆ ಇಲ್ಲದೆ ತಿದ್ದುವವರಿಗೆ ಈ ಚೌಕ ಕಾಣುವುದೇ ಇಲ್ಲ. ಯಾರೆಂದು ತಿಳಿಯದವರ ಮಾತಿನ ಮೇಲೆ “ನೋಡದೆ ಬಿಡಿ” ಎನ್ನಲು ವಿಕಿ ಒಪ್ಪುವುದಿಲ್ಲ, ಅದು ನ್ಯಾಯವೇ. “ನಿನ್ನೆ ಇತ್ತು, ಇವತ್ತು ಚೌಕ ಮಾಯವಾಗಿದೆ” ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಲಾಗಿನ್ ಆಗಿದ್ದೀರಾ ಎಂದು. ಹತ್ತರಲ್ಲಿ ಎಂಟು ಸಲ ಆಗಿರುವುದಿಲ್ಲ.

ಹೊಸ ಪುಟ ಸೃಷ್ಟಿಸುವಾಗಲೂ ಚೌಕ ಬರುವುದಿಲ್ಲ. ಇಲ್ಲದ್ದೊಂದನ್ನು ಹುಟ್ಟಿಸುವುದು ಚುಟುಕಾದ ಬದಲಾವಣೆ ಆಗಲಾರದು ಎಂಬುದು ತಂತ್ರಾಂಶದಲ್ಲೇ ಸೇರಿದೆ.

ಹಂತ 2: ಚೌಕ ಎಲ್ಲಿದೆ ನೋಡಿಕೊಳ್ಳಿ

ತಿದ್ದುವ ಕಿಟಕಿಗಳು ಎರಡು ಬಗೆ. ಆವರಣ ಚಿಹ್ನೆಗಳು, ಟೆಂಪ್ಲೇಟುಗಳು (ಒಂದೇ ಕಡೆ ಬರೆದಿಟ್ಟು ಹಲವು ಪುಟಗಳಲ್ಲಿ ಬಳಸುವ ತುಣುಕುಗಳು) ಎಲ್ಲ ಹಾಗೇ ಹಸಿಯಾಗಿ ಕಾಣುವುದು ಆಕರ ಸಂಪಾದನೆ. ಇದರಲ್ಲಿ ಪಠ್ಯದ ಪೆಟ್ಟಿಗೆಯ ಕೆಳಗೆ ಸಾರಾಂಶದ ಸಾಲು, ಅದರ ಕೆಳಗೆ ಎರಡು ಚೌಕ. ಮೊದಲನೆಯದೇ ನಮ್ಮದು, ಎರಡನೆಯದು ಪುಟವನ್ನು ವೀಕ್ಷಣಾ ಪಟ್ಟಿಗೆ ಸೇರಿಸುವುದು. ಲೇಖನ ಓದುವಾಗ ಕಾಣುವಂತೆಯೇ ತಿದ್ದುವುದು ದೃಶ್ಯ ಸಂಪಾದನೆ. ಇದರಲ್ಲಿ ಚೌಕ ಮೊದಲಿಗೆ ಎಲ್ಲೂ ಕಾಣದು. ಮೇಲಿನ ಮೂಲೆಯ ಪ್ರಕಟಿಸುವ ಗುಂಡಿ ಒತ್ತಿದ ಮೇಲೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ, ಸಾರಾಂಶವೂ ಚೌಕವೂ ಅದರೊಳಗಿರುತ್ತವೆ. ಗುಂಡಿ ಒತ್ತಿದ ತಕ್ಷಣ ಎಲ್ಲ ಉಳಿದುಹೋಯಿತೆಂದು ಹೆದರಬೇಡಿ. ಆ ಕಿಟಕಿಯಲ್ಲಿ ಇನ್ನೊಮ್ಮೆ ಒತ್ತಿದರೆ ಮಾತ್ರ ಉಳಿಯುವುದು.

ಫೋನಿನ ಬ್ರೌಸರಿನಲ್ಲಿ ಮೊಬೈಲ್ ನೋಟದಲ್ಲಿದ್ದರೆ ಚೌಕ ಸಿಗುವುದಿಲ್ಲ. ಪುಟದ ತುತ್ತತುದಿಗೆ ಇಳಿದು ‘ಡೆಸ್ಕ್‌ಟಾಪ್’ ಎಂಬ ಕೊಂಡಿ ಒತ್ತಿ. ಅಕ್ಷರಗಳು ಇರುವೆಯಷ್ಟಾಗುತ್ತವೆ, ಬೆರಳಿನಿಂದ ಹಿಗ್ಗಿಸಿಕೊಂಡು ಕೆಲಸ ಮಾಡಬೇಕು. ಅಷ್ಟು ಕಷ್ಟ ಬೇಡವೆನಿಸಿದರೆ ಟಿಕ್ ಇಲ್ಲದೆಯೇ ಉಳಿಸಿ, ಯಾವ ನಷ್ಟವೂ ಇಲ್ಲ.

ಇಂಟರ್‌ಫೇಸಿನ ಪದಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಸ್ವಯಂಸೇವಕರೇ ಕನ್ನಡಕ್ಕೆ ತರುವುದು, ಆಗಾಗ ತಿದ್ದುವುದೂ ಉಂಟು. ನಿಮ್ಮ ತೆರೆಯಲ್ಲಿ ‘ಚುಟುಕು’ ಬದಲು ‘ಚಿಕ್ಕ’ ಅಂತಲೋ ‘ಸಣ್ಣ’ ಅಂತಲೋ ಕಂಡರೆ ಅದೇ ಇದು.

ಕೀಲಿಮಣೆ ಬಿಡದೆ ಕೆಲಸ ಮಾಡುವವರು ವಿಂಡೋಸಿನಲ್ಲಿ ಆಲ್ಟ್ ಮತ್ತು ಶಿಫ್ಟ್ ಹಿಡಿದು ‘ಐ’ ಒತ್ತಿ, ಟಿಕ್ ಬೀಳುತ್ತದೆ. ಅದೇ ಎರಡರ ಜೊತೆ ‘ವಿ’ ಒತ್ತಿದರೆ ನೀವು ಮಾಡಿದ ಬದಲಾವಣೆ ಕಾಣುತ್ತದೆ, ‘ಎಸ್’ ಒತ್ತಿದರೆ ಪುಟ ಉಳಿಯುತ್ತದೆ.

ಹಂತ 3: ತಿದ್ದಿ, ಉಳಿಸುವ ಮೊದಲು ವ್ಯತ್ಯಾಸ ನೋಡಿ

ಹೊಸಬರು ಅತಿ ಹೆಚ್ಚು ಹಾರಿಸಿಬಿಡುವ ಹಂತ ಇದು. ‘ಮುನ್ನೋಟ’ ಲೇಖನ ಹೇಗೆ ಕಾಣುತ್ತದೆಂದು ತೋರಿಸಿದರೆ, ‘ಬದಲಾವಣೆಗಳನ್ನು ತೋರಿಸು’ ನೀವು ನಿಜಕ್ಕೂ ಏನು ಮುಟ್ಟಿದಿರಿ ಎಂಬುದನ್ನು ತೋರಿಸುತ್ತದೆ. ಎಡಗಡೆ ಹಳೆಯದು, ಬಲಗಡೆ ಹೊಸದು, ಬದಲಾದ ಜಾಗಕ್ಕೆ ಬಣ್ಣ. ನಾನೊಂದು ಅಕ್ಷರ ತಿದ್ದಿದೆ ಎಂದುಕೊಂಡಿದ್ದರೂ ಬ್ರೌಸರಿನ ಯಾವುದೋ ವಿಸ್ತರಣೆ ಇನ್ನೊಂದು ಪ್ಯಾರಾವನ್ನು ಕಲಕಿರಬಹುದು. ಕನ್ನಡ ಬರೆಯುವ ಉಪಕರಣ ಕೈಕೊಟ್ಟು ಒಂದು ಸಾಲು ಅಳಿಸಿಹೋಗಿರಬಹುದು. ಟಿಕ್ ಹಾಕುವವರಿಗೆ ಈ ನೋಟ ಕಡ್ಡಾಯ ಎಂದೇ ನಾನು ಹೇಳುವುದು. ಬೇರೆಯವರಿಗೆ “ನೋಡಬೇಡಿ” ಎಂದು ಹೇಳುವವರು ತಾವಾದರೂ ಒಮ್ಮೆ ನೋಡಿರಬೇಕಲ್ಲ.

ಕನ್ನಡದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ‘ಕ೦ಪ್ಯೂಟರ್’, ‘ಕಂಪ್ಯೂಟರ್’ ಎಂಬ ಎರಡು ಪದಗಳನ್ನು ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಕಣ್ಣಿಗೆ ಹೆಚ್ಚು ಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸರಿಯಾದ ಪದ ಕೊಟ್ಟು ಹುಡುಕಿದರೆ ಮೊದಲನೆಯದು ಸಿಗುವುದಿಲ್ಲ. ಹಳೆಯ ಲೇಖನಗಳಲ್ಲಿ ಈ ಸೊನ್ನೆಗಳು ಬೇಕಾದಷ್ಟಿವೆ. ಇವನ್ನು ಒಂದೊಂದಾಗಿ ತಿದ್ದುವುದು ಚುಟುಕಾದ ಬದಲಾವಣೆಗೆ ಒಳ್ಳೆಯ ಉದಾಹರಣೆ. ಹುಡುಕಿ-ಬದಲಿಸುವ ಉಪಕರಣದಿಂದ ಒಂದೇ ಏಟಿಗೆ ತಿದ್ದುವುದು ಮಾತ್ರ ಅನಾಹುತ. ನಾನೇ ಒಮ್ಮೆ ಹಾಗೆ ಮಾಡಿ, ವ್ಯತ್ಯಾಸ ನೋಡದೆ, ಟಿಕ್ ಹಾಕಿ ಉಳಿಸಿದೆ. ಲೇಖನದ ಇಸವಿಗಳು ಕನ್ನಡ ಅಂಕಿಯಲ್ಲಿದ್ದವು. ೨೦೦೮ ಹೋಗಿ ‘೨ಂಂ೮’ ಆಗಿತ್ತು. ‘ಚು’ ಇದ್ದದ್ದರಿಂದ ಯಾರೂ ತೆರೆದು ನೋಡಲಿಲ್ಲ. ತಿಂಗಳುಗಳ ನಂತರ ಓದುಗರೊಬ್ಬರು ಚರ್ಚೆ ಪುಟದಲ್ಲಿ ಬರೆದ ಮೇಲೆ ಗೊತ್ತಾಯಿತು.

ಹಂತ 4: ಇದು ಚುಟುಕೋ ಅಲ್ಲವೋ ತೀರ್ಮಾನಿಸಿ

ನಿಜವಾದ ಕೆಲಸ ಇಲ್ಲಿದೆ. ಲೇಖನ ಬರೆದವರು, ಆ ವಿಷಯ ಚೆನ್ನಾಗಿ ಬಲ್ಲವರು, ನಿಮ್ಮ ಅಭಿಪ್ರಾಯಕ್ಕೆ ಪೂರ್ತಿ ವಿರುದ್ಧ ಇರುವವರು ಈ ಬದಲಾವಣೆ ನೋಡಿದರು ಎಂದುಕೊಳ್ಳಿ. ಅವರಲ್ಲಿ ಒಬ್ಬರಾದರೂ “ಒಂದು ನಿಮಿಷ, ಇದನ್ನು ನಾನು ನೋಡಬೇಕಿತ್ತು” ಎನ್ನುವ ಸಾಧ್ಯತೆ ಇದ್ದರೆ ಟಿಕ್ ಬೇಡ.

ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುವವು: ‘ವಿಧ್ಯಾರ್ಥಿ’ಯನ್ನು ‘ವಿದ್ಯಾರ್ಥಿ’ ಮಾಡುವುದು, ‘ಪ್ರಸಿದ್ದ’, ‘ಅಭಿವೃದ್ದಿ’ಗಳಿಗೆ ಮಹಾಪ್ರಾಣ ಕೊಡುವುದು, ‘ಸಂಭಂಧ’ದ ಅನಗತ್ಯ ಮಹಾಪ್ರಾಣ ಕೀಳುವುದು, ಅಲ್ಪವಿರಾಮಕ್ಕೆ ಮೊದಲು ಬಿದ್ದ ಖಾಲಿ ಜಾಗ ತೆಗೆಯುವುದು, ಎರಡೆರಡು ಸಲ ಬಂದ ಪದ ಅಳಿಸುವುದು, ಮುಚ್ಚದೆ ಬಿಟ್ಟ ಆವರಣ ಮುಚ್ಚುವುದು. ‘ರ್ಯಾಂಕ್’ ಎಂದು ಅರ್ಕಾವತ್ತು ಬಿದ್ದು ಓದಲು ತೊಡಕಾದ ಪದಕ್ಕೆ ನಡುವೆ ಜೋಡಕ ಹಾಕಿ ‘ರ‍್ಯಾಂಕ್’ ಮಾಡುವುದೂ ಇದೇ ಗುಂಪಿಗೆ ಸೇರಿದ್ದು. ಜೋಡಕ ಎಂದರೆ ತೆರೆಯಲ್ಲಿ ಕಾಣದ, ಅಕ್ಷರಗಳು ಹೇಗೆ ಕೂಡಿಕೊಳ್ಳಬೇಕೆಂದು ಹೇಳುವ ಯೂನಿಕೋಡ್ ಗುರುತು. ಯಾರೋ ಲೇಖನದ ನಡುವೆ “ಹಾಯ್ ಫ್ರೆಂಡ್ಸ್” ಎಂದೋ ಅರ್ಥವಿಲ್ಲದ ನಾಲ್ಕಕ್ಷರವನ್ನೋ ಬರೆದು ಹೋಗಿದ್ದರೆ ಅದನ್ನು ಅಳಿಸುವುದೂ ಚುಟುಕೇ.

ಇನ್ನು ಚುಟುಕಿನಂತೆ ಕಂಡು ಮೋಸ ಮಾಡುವವು. ಇವನ್ನು ಸ್ವಲ್ಪ ನಿಧಾನವಾಗಿ ಓದಿ.

ಕ್ರಿಯಾಪದದ ಕೊನೆ. “ಅವರು ಮೈಸೂರಿನಲ್ಲಿ ನೆಲೆಸಿದ್ದಾರೆ” ಎಂಬುದನ್ನು “ನೆಲೆಸಿದ್ದರು” ಮಾಡಿದರೆ ಹೋಗುವುದು ಒಂದು ದೀರ್ಘ, ಬದಲಾಗುವುದು ಕೊನೆಯ ಒಂದು ಸ್ವರ. ಆದರೆ ಓದುವವರಿಗೆ ಆ ವ್ಯಕ್ತಿ ತೀರಿಕೊಂಡರೆಂದೋ ಊರು ಬಿಟ್ಟರೆಂದೋ ತಿಳಿಯುತ್ತದೆ. ಬದುಕಿರುವವರ ಲೇಖನದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ. ‘ಆಗಿದೆ’, ‘ಆಗಿಲ್ಲ’, ‘ಎನ್ನಲಾಗಿದೆ’ಗಳೂ ಹೀಗೆಯೇ. ‘ಎನ್ನಲಾಗಿದೆ’ ಎಂಬ ಒಂದು ಪದ ಕಿತ್ತರೆ ವದಂತಿ ಸತ್ಯವಾಗಿಬಿಡುತ್ತದೆ.

ಅಂಕಿಗಳು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಲೇಖನದಲ್ಲಿ ಅದು 1937 ಎಂದಿದ್ದರೆ ಬೆರಳಿನ ತಪ್ಪು ಎಂಬುದು ನಿಮಗೂ ನನಗೂ ಗೊತ್ತು. ಆದರೂ ಟಿಕ್ ಹಾಕದೆ, “ಇಸವಿ ಸರಿಪಡಿಸಿದೆ: 1937 ಅಲ್ಲ, 1973” ಎಂದು ಸಾರಾಂಶ ಬರೆದು ಉಳಿಸಿ. ಯಾಕೆಂದರೆ ಲೇಖನಗಳನ್ನು ಕೆಡಿಸುವವರ ಅಚ್ಚುಮೆಚ್ಚಿನ ಆಟವೂ ಇದೇ. ಎರಡು ಅಂಕಿ ಅದಲು ಬದಲು ಮಾಡಿ ‘ಚು’ ಹಾಕಿ ಹೋಗುತ್ತಾರೆ. ಅಂಕಿ ಮುಟ್ಟಿದ ಚುಟುಕು ಕಂಡರೆ ಪಟ್ಟಿ ಕಾಯುವವರಿಗೆ ಸಹಜವಾಗಿಯೇ ಅನುಮಾನ ಬರುತ್ತದೆ. ಆ ಅನುಮಾನದ ಸಾಲಿನಲ್ಲಿ ನೀವು ನಿಲ್ಲಬೇಕಾಗಿಲ್ಲ.

ಊರು, ವ್ಯಕ್ತಿಗಳ ಹೆಸರು. 2014ರ ನವೆಂಬರಿನಲ್ಲಿ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಹಳೆಯ ಲೇಖನಗಳಲ್ಲಿ ‘ಗುಲ್ಬರ್ಗಾ’ ಕಂಡಲ್ಲೆಲ್ಲ ‘ಕಲಬುರಗಿ’ ಮಾಡಿ ‘ಚು’ ಹಾಕುವವರು ಸದುದ್ದೇಶದವರೇ. ಆದರೆ ಅಲ್ಲಿನ ವಿಶ್ವವಿದ್ಯಾಲಯದ ಹೆಸರು ಗುಲ್ಬರ್ಗಾ ವಿಶ್ವವಿದ್ಯಾಲಯ ಎಂದೇ ಇದೆ. ಹಳೆಯ ಪುಸ್ತಕದ ಶೀರ್ಷಿಕೆಯಲ್ಲಿ, ಉಲ್ಲೇಖದ ಒಳಗೆ ಇರುವ ‘ಗುಲ್ಬರ್ಗಾ’ವನ್ನು ಬದಲಿಸಿದರೆ ಉಲ್ಲೇಖವೇ ಸುಳ್ಳಾಗುತ್ತದೆ. ವಿದೇಶಿ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ರೀತಿಯಂತೂ ತೀರದ ವ್ಯಾಜ್ಯ. ‘ಶ’ ಬೇಕೋ ‘ಷ’ ಬೇಕೋ ಎಂದು ಅರಳಿ ಕಟ್ಟೆಯಲ್ಲಿ ಪುಟಗಟ್ಟಲೆ ಮಾತಾಡುವ ಜನ ನಾವು. (ಅರಳಿ ಕಟ್ಟೆ ಎಂದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಜಾಗ. ಬೇರೆ ಯಾವ ವಿಕಿಯ ಚರ್ಚಾಪುಟಕ್ಕೂ ಇಷ್ಟು ಒಳ್ಳೆಯ ಹೆಸರಿಲ್ಲ ಎಂಬುದು ನನ್ನ ಅಭಿಪ್ರಾಯ.) ವ್ಯಾಜ್ಯಕ್ಕೆ ಆಸ್ಪದವಿರುವುದು ಚುಟುಕಲ್ಲ.

ಏಕವಚನ, ಬಹುವಚನ. ಇಂಗ್ಲಿಷಿನಲ್ಲಿ ಇಲ್ಲದ ತಲೆನೋವು. ಈಗಿನ ಲೇಖಕಿಯೊಬ್ಬರ ಬಗ್ಗೆ ಇಡೀ ಲೇಖನ ‘ಬರೆದರು’, ‘ಓದಿದರು’ ಎಂದು ಹೋಗಿ ಒಂದೇ ಕಡೆ ‘ಹುಟ್ಟಿದಳು’ ಎಂದಿದ್ದರೆ ಅದನ್ನು ‘ಹುಟ್ಟಿದರು’ ಮಾಡುವುದು ಚುಟುಕು. ಅದೇ ಒಬ್ಬ ಚಾಲುಕ್ಯ ದೊರೆಯ ಲೇಖನದಲ್ಲಿ ‘ಗೆದ್ದನು’ಗಳನ್ನೆಲ್ಲ ‘ಗೆದ್ದರು’ ಮಾಡುವುದು ಚುಟುಕಲ್ಲ. ಇತಿಹಾಸ ಬರೆಯುವ ರೂಢಿ ಒಂದು ಹೇಳುತ್ತದೆ, ಅಭಿಮಾನ ಇನ್ನೊಂದು ಹೇಳುತ್ತದೆ. ಸಂತರು, ದೇವರ ವಿಷಯಕ್ಕೆ ಬಂದರೆ ಕೇಳುವುದೇ ಬೇಡ. ಬದಲಿಸಲೇಬೇಕೆಂದಿದ್ದರೆ ಚರ್ಚೆ ಪುಟದಲ್ಲಿ ಒಂದು ಮಾತು ಹಾಕಿ, ಟಿಕ್ ಇಲ್ಲದೆ ಬದಲಿಸಿ.

ಕೊಂಡಿಯ ಒಳಗಿನ ಅಕ್ಷರ. [[ಇಂಟರ್ನೆಟ್]] ಎಂಬುದನ್ನು [[ಇಂಟರ್‌ನೆಟ್]] ಎಂದು ‘ಚೆಂದ’ ಮಾಡಿದರೆ ವಿಕಿಯ ಲೆಕ್ಕದಲ್ಲಿ ಅದು ಬೇರೊಂದು ಪುಟದ ಹೆಸರು. ಆ ಹೆಸರಿನ ಪುಟವಾಗಲಿ, ಅಲ್ಲಿಗೆ ಕಳಿಸುವ ಪುನರ್ನಿರ್ದೇಶನವಾಗಲಿ ಇಲ್ಲದಿದ್ದರೆ ನೀಲಿ ಕೊಂಡಿ ಕೆಂಪಾಗುತ್ತದೆ. ಕೆಂಪು ಕೊಂಡಿ ಎಂದರೆ ಇಲ್ಲದ ಪುಟಕ್ಕೆ ಹೋಗುವ ಕೊಂಡಿ. ವರ್ಗಗಳಲ್ಲಿ ಇನ್ನೂ ಕೆಟ್ಟದು: ‘ವರ್ಗ:’ ಎಂಬುದರ ಮುಂದಿನ ಹೆಸರಿನಲ್ಲಿ ಒಂದು ಅಕ್ಷರ ಬದಲಾದರೆ ಲೇಖನ ತನ್ನ ಗುಂಪಿನಿಂದ ಆಚೆ ಬೀಳುತ್ತದೆ, ಲೇಖನದ ಪಠ್ಯದಲ್ಲಿ ಮಾತ್ರ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ತೋರಿಸುವ ಅಕ್ಷರವನ್ನು ಮಾತ್ರ ಬದಲಿಸಬೇಕಿದ್ದರೆ ಪುಟದ ಹೆಸರು ಮುಟ್ಟದೆ ನಡುವೆ ಒಂದು ನೇರ ಗೀಟು ಹಾಕಿ ಬರೆಯಿರಿ: [[ಇಂಟರ್ನೆಟ್|ಇಂಟರ್‌ನೆಟ್]]. ಗೀಟಿನ ಎಡಕ್ಕಿರುವುದು ಪುಟದ ಹೆಸರು, ಬಲಕ್ಕಿರುವುದು ಓದುಗರಿಗೆ ಕಾಣುವುದು. ಹೀಗೆ ಮಾಡಿದರೆ ನಿಶ್ಚಿಂತೆಯಿಂದ ಟಿಕ್ ಹಾಕಬಹುದು.

ಮಾಹಿತಿಚೌಕ ಮತ್ತು ಟೆಂಪ್ಲೇಟು. ಲೇಖನದ ಬಲಗಡೆ ಹುಟ್ಟಿದ ದಿನ, ಊರು ಇತ್ಯಾದಿ ತೋರಿಸುವ ಪೆಟ್ಟಿಗೆಯೇ ಮಾಹಿತಿಚೌಕ. ಅದರ ಆಕರದಲ್ಲಿ ಇಂಗ್ಲಿಷಿನಲ್ಲಿರುವ ನಿಯತಾಂಕಗಳ, ಅಂದರೆ ಮಾಹಿತಿ ತುಂಬುವ ಖಾನೆಗಳ ಹೆಸರನ್ನು ಕನ್ನಡ ಮಾಡಿದರೆ ಆ ಮಾಹಿತಿ ಕಾಣದಂತಾಗುತ್ತದೆ. ಹುಟ್ಟಿದ ದಿನದಿಂದ ವಯಸ್ಸು ಲೆಕ್ಕ ಹಾಕುವ ಟೆಂಪ್ಲೇಟಿಗೆ 1956 ಬದಲು ೧೯೫೬ ಕೊಟ್ಟರೆ ಲೆಕ್ಕ ಬಾರದೆ ಕೆಂಪಕ್ಷರದ ತಪ್ಪು ಸಂದೇಶ ಬರುತ್ತದೆ. ಟೆಂಪ್ಲೇಟು ಪುಟವನ್ನೇ ತಿದ್ದುವುದಾದರೆ ಒಂದು ಚಿಹ್ನೆ ಬದಲಾದರೂ ಅದನ್ನು ಬಳಸಿದ ಪುಟಗಳೆಲ್ಲ ಬದಲಾಗುತ್ತವೆ. ಅಲ್ಲಿ ಟಿಕ್ ಹಾಕುವ ಮಾತೇ ಬೇಡ.

ಅಂಕಿಗಳನ್ನು ಸಾರಾಸಗಟಾಗಿ ಕನ್ನಡಕ್ಕೋ ಇಂಗ್ಲಿಷಿಗೋ ಬದಲಿಸುವುದು, ಉಲ್ಲೇಖ ಸೇರಿಸುವುದು ಅಥವಾ ಕೀಳುವುದು, ಚಿತ್ರ ಬದಲಿಸುವುದು, ‘ಉಲ್ಲೇಖ ಬೇಕು’ ಎಂಬ ಚೀಟಿ ಅಂಟಿಸುವುದು ಇವು ಯಾವುವೂ ಚುಟುಕಲ್ಲ. ವಿವರಿಸುವ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ.

ಬೇರೆಯವರ ಬರಹವನ್ನು ಹಿಂತಿರುಗಿಸುವ ಬಗ್ಗೆ ಒಂದು ಮಾತು. ಗೀಚಾಟ ಅಳಿಸುವುದು ಚುಟುಕು ಎಂದೆ. ಆದರೆ ಒಬ್ಬರು ತಿಳಿದಷ್ಟು ಶ್ರದ್ಧೆಯಿಂದ ಬರೆದು, ಅದು ತಪ್ಪಾಗಿದ್ದು, ನೀವು ಅಳಿಸಿದರೆ ಅದು ಚುಟುಕಲ್ಲ. ಅಳಿಸಿದ್ದು ಅವರ ಕಣ್ಣಿಗೆ ಬೀಳಬೇಕು, ಕಾರಣವೂ ಸಿಗಬೇಕು. ‘ಚು’ ಹಾಕಿ ಅಳಿಸಿದರೆ ಅವರಿಗೆ ಅದು ಬೆನ್ನ ಹಿಂದೆ ಮಾಡಿದ ಕೆಲಸದಂತೆ ಕಾಣುತ್ತದೆ. ಹೊಸಬರು ವಿಕಿ ಬಿಟ್ಟು ಹೋಗುವುದಕ್ಕೆ ಇಂಥದ್ದೊಂದು ಸಾಕು.

ಬೈಟುಗಳ ಲೆಕ್ಕ ನಂಬಬೇಡಿ

ಇತಿಹಾಸ ಪುಟದಲ್ಲಿ ಪ್ರತಿ ಬದಲಾವಣೆಯ ಮುಂದೆ +12, −3 ಎಂಬಂತೆ ಹಸಿರು, ಕೆಂಪು ಸಂಖ್ಯೆಗಳಿರುತ್ತವೆ. ಅದು ಪುಟದ ಗಾತ್ರ ಎಷ್ಟು ಬೈಟು ಹೆಚ್ಚಿತು, ಎಷ್ಟು ಇಳಿಯಿತು ಎಂಬ ಲೆಕ್ಕ. “ಸಂಖ್ಯೆ ಸಣ್ಣದಿದ್ದರೆ ಚುಟುಕು” ಎಂದು ಯಾರೋ ಹೇಳಿಕೊಟ್ಟದ್ದನ್ನು ಪಾಲಿಸುವವರು ಇದ್ದಾರೆ. ಕನ್ನಡದಲ್ಲಿ ಆ ಲೆಕ್ಕ ಇನ್ನಷ್ಟು ತಪ್ಪುತ್ತದೆ.

ವಿಕಿ ಬಳಸುವ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟು ಬೇಕು. ಮೂಲಾಕ್ಷರ, ಸ್ವರಚಿಹ್ನೆ, ವಿರಾಮ ಅಂದರೆ ಒತ್ತು ಕೊಡುವ ಗುರುತು, ಎಲ್ಲವೂ ಒಂದೊಂದು ಘಟಕ. ‘ಕನ್ನಡ’ ಎಂಬ ಮೂರಕ್ಷರದ ಪದದಲ್ಲಿ ಐದು ಘಟಕಗಳು, ಹದಿನೈದು ಬೈಟು. ಈಗ ಮೇಲಿನ ಉದಾಹರಣೆಗಳಿಗೆ ಬನ್ನಿ. ‘ಪ್ರಸಿದ್ದ’ವನ್ನು ‘ಪ್ರಸಿದ್ಧ’ ಮಾಡಿದರೆ ವ್ಯತ್ಯಾಸ ಸೊನ್ನೆ. 1973ನ್ನು 1937 ಮಾಡಿದರೂ ಸೊನ್ನೆ. ಹತ್ತು ಕಡೆ ಅನಗತ್ಯ ಖಾಲಿ ಜಾಗ ತೆಗೆದರೆ −10. ‘ನೆಲೆಸಿದ್ದಾರೆ’ ಎಂದಿದ್ದವರನ್ನು ‘ನೆಲೆಸಿದ್ದರು’ ಮಾಡಿ ಮುಗಿಸಿದರೆ ಬರೀ −3.

ಇನ್ನೊಂದು ಕಡೆ, 500 ಬೈಟು ಮೀರಿದ ಬದಲಾವಣೆಯ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಒಂದು ಪ್ಯಾರಾ. ಕನ್ನಡದಲ್ಲಿ ಎರಡು ಮೂರು ವಾಕ್ಯ ಬರೆದರೆ ಮುಗಿಯಿತು. ದಪ್ಪ ಸಂಖ್ಯೆ ಕಂಡು ಗಾಬರಿ ಬೇಡ, ಸಣ್ಣ ಸಂಖ್ಯೆ ಕಂಡು ಸಮಾಧಾನವೂ ಬೇಡ.

ಹಂತ 5: ಸಾರಾಂಶ ಬರೆಯಿರಿ

ಟಿಕ್ ಹಾಕಿದ ಮಾತ್ರಕ್ಕೆ ಸಾರಾಂಶ ಬಿಡಬಹುದು ಎಂದುಕೊಳ್ಳುವವರು ಬಹಳ. ಬಿಡಬೇಡಿ. “ಕಾಗುಣಿತ”, “ಸೊನ್ನೆ ತೆಗೆದು ಅನುಸ್ವಾರ”, “ಖಾಲಿ ಜಾಗ” ಇಷ್ಟು ಸಾಕು. ಒಂದು ಕಾಲಕ್ಕೆ ಸಾರಾಂಶಕ್ಕೆ 255 ಬೈಟಿನ ಮಿತಿ ಇತ್ತು. ಇಂಗ್ಲಿಷಿನವರಿಗೆ 255 ಅಕ್ಷರ ಸಿಕ್ಕರೆ ನಮಗೆ 85 ಘಟಕಕ್ಕೆ ಉಸಿರು ಕಟ್ಟುತ್ತಿತ್ತು. 2018ರಲ್ಲಿ ಅದು 500 ಘಟಕಗಳಿಗೆ ಏರಿತು. ಹಾಗಾಗಿ ‘ಜಾಗ ಸಾಲದು’ ಎಂಬ ಹಳೆಯ ನೆಪ ಈಗ ನಡೆಯುವುದಿಲ್ಲ.

ಕಾಗುಣಿತವನ್ನೂ ವಿಷಯವನ್ನೂ ಒಟ್ಟಿಗೆ ತಿದ್ದಿದ್ದರೆ ಇಡೀ ಬದಲಾವಣೆ ಚುಟುಕಲ್ಲ. “ಹೆಚ್ಚಿನದು ಕಾಗುಣಿತವೇ ಅಲ್ಲವಾ” ಎಂಬ ವಾದ ನಿಲ್ಲುವುದಿಲ್ಲ. ಒಳ್ಳೆಯ ಅಭ್ಯಾಸ ಎಂದರೆ ಮೊದಲು ಕಾಗುಣಿತವಷ್ಟನ್ನೇ ತಿದ್ದಿ ಟಿಕ್ ಹಾಕಿ ಉಳಿಸಿ, ಆಮೇಲೆ ಇನ್ನೊಮ್ಮೆ ತೆರೆದು ವಿಷಯ ತಿದ್ದಿ ಟಿಕ್ ಇಲ್ಲದೆ ಉಳಿಸುವುದು. ಆಗ ನಿಮ್ಮ ಎರಡನೆಯ ಬದಲಾವಣೆಯನ್ನು ಪರಿಶೀಲಿಸುವವರಿಗೆ ಮೂವತ್ತು ಅಲ್ಪವಿರಾಮಗಳ ಬಣ್ಣದ ನಡುವೆ ಹೊಸ ವಾಕ್ಯ ಹುಡುಕುವ ಶಿಕ್ಷೆ ತಪ್ಪುತ್ತದೆ. ಹಾಗೆಂದು ಹದಿನೈದು ತಪ್ಪಿಗೆ ಹದಿನೈದು ಸಲ ಉಳಿಸಬೇಡಿ. ಎಷ್ಟು ಸಲ ತಿದ್ದಿದರೆಂದು ಎಣಿಸುವ ಸ್ಪರ್ಧೆ, ತರಗತಿಯ ಅಂಕ ಇರುವ ದಿನಗಳಲ್ಲಿ ಈ ಪವಾಡ ಹೆಚ್ಚಾಗಿ ಕಾಣುತ್ತದೆ.

ಹಂತ 6: ಉಳಿಸಿ, ಇತಿಹಾಸದಲ್ಲಿ ಒಮ್ಮೆ ನೋಡಿ

ಪುಟ ಉಳಿಸಿ, ಮೇಲಿನ ‘ಇತಿಹಾಸ’ ಒತ್ತಿ. ಮೊದಲ ಸಾಲು ನಿಮ್ಮದು. ‘ಚು’ ಇದೆಯೇ, ಇರಬಾರದ ಕಡೆ ಇಲ್ಲವಲ್ಲ, ನೋಡಿ.

ತಪ್ಪಿ ಟಿಕ್ ಹಾಕಿದ್ದರೆ? ಒಮ್ಮೆ ಉಳಿದ ಮೇಲೆ ಆ ಗುರುತನ್ನು ಯಾರೂ ತೆಗೆಯಲಾಗದು, ಪುಟ ಅಳಿಸುವಂಥ ಹೆಚ್ಚಿನ ಅಧಿಕಾರವಿರುವ ನಿರ್ವಾಹಕರಿಗೂ ಆಗದು. ಮಾಡಬಹುದಾದದ್ದು ಇಷ್ಟು: ಪುಟವನ್ನು ಮತ್ತೆ ತೆರೆದು ಓದುಗರಿಗೆ ತಿಳಿಯದಂಥ ಅತಿ ಸಣ್ಣ ಬದಲಾವಣೆ ಮಾಡಿ, ಉದಾಹರಣೆಗೆ ಶೀರ್ಷಿಕೆಯ ಚಿಹ್ನೆಯ ಪಕ್ಕ ಒಂದು ಖಾಲಿ ಜಾಗ. ಸಾರಾಂಶದಲ್ಲಿ “ಹಿಂದಿನ ಬದಲಾವಣೆಗೆ ಕೈತಪ್ಪಿ ಚುಟುಕು ಗುರುತು ಬಿದ್ದಿದೆ, ಅದರಲ್ಲಿ ಜನ್ಮದಿನಾಂಕ ಬದಲಿಸಿದ್ದೇನೆ, ದಯವಿಟ್ಟು ನೋಡಿ” ಎಂದು ಬರೆದು, ಈ ಸಲ ಟಿಕ್ ಇಲ್ಲದೆ ಉಳಿಸಿ. ಏನೂ ಬದಲಿಸದೆ ಸಾರಾಂಶ ಮಾತ್ರ ಬರೆದು ಉಳಿಸಿದರೆ ಇತಿಹಾಸದಲ್ಲಿ ಸಾಲೇ ಮೂಡುವುದಿಲ್ಲ, ನಿಮ್ಮ ಸಾರಾಂಶವೂ ಹೋಗುತ್ತದೆ. ಅದಕ್ಕೇ ಆ ಒಂದು ಖಾಲಿ ಜಾಗ ಬೇಕು.

ಟಿಕ್ ಹಾಕಬೇಕಿತ್ತು, ಮರೆತೆ ಎಂದಾದರೆ ಏನೂ ಮಾಡಬೇಡಿ. ಯಾರೋ ಒಬ್ಬರು ತೆರೆದು ನೋಡಿ ‘ಓ, ಬರೀ ಕಾಗುಣಿತ’ ಎಂದುಕೊಂಡು ಮುಚ್ಚುತ್ತಾರೆ, ಹೋಗುವುದು ಅವರ ಹತ್ತು ಸೆಕೆಂಡು. ಅನುಮಾನ ಬಂದರೆ ಟಿಕ್ ಬಿಡಿ ಎನ್ನುವುದು ಈ ಲೆಕ್ಕದ ಮೇಲೆಯೇ.

ಪ್ರಾಶಸ್ತ್ಯಗಳಲ್ಲಿ ಅಡಗಿರುವ ಬಲೆ

ಲಾಗಿನ್ ಆದವರಿಗೆ ಮೇಲೆ ‘ಪ್ರಾಶಸ್ತ್ಯಗಳು’ ಎಂಬ ಕೊಂಡಿ ಇರುತ್ತದೆ. ಅದರ ಸಂಪಾದನೆಯ ವಿಭಾಗದಲ್ಲಿ, ನಿಮ್ಮ ಎಲ್ಲ ಸಂಪಾದನೆಗಳಿಗೂ ತಾನೇ ಚುಟುಕು ಗುರುತು ಹಾಕುವ ಆಯ್ಕೆಯೊಂದಿದೆ. ಕಾಗುಣಿತ ತಿದ್ದುವುದನ್ನೇ ಕೆಲಸ ಮಾಡಿಕೊಂಡ ದಿನ ಅದನ್ನು ಹಾಕಿಕೊಂಡು, ಮರುದಿನ ಹೊಸ ವಿಭಾಗ ಬರೆಯುವಾಗ ಮರೆಯುತ್ತಾರೆ. ಇಂಥ ಮರೆವು ಹೆಚ್ಚಾದ್ದರಿಂದಲೇ ಇಂಗ್ಲಿಷ್ ವಿಕಿಪೀಡಿಯದವರು ಆ ಆಯ್ಕೆಯನ್ನೇ 2011ರಲ್ಲಿ ತೆಗೆದುಹಾಕಿದರು. ನೀವು ಏನು ಬರೆದರೂ ‘ಚು’ ಬರುತ್ತಿದೆ ಎಂದು ಯಾರಾದರೂ ಎಚ್ಚರಿಸಿದರೆ ಮೊದಲು ಇಲ್ಲಿ ನೋಡಿ.

ಅದೇ ವಿಭಾಗದಲ್ಲಿ ಸಾರಾಂಶ ಖಾಲಿ ಬಿಟ್ಟರೆ ಎಚ್ಚರಿಸುವ ಆಯ್ಕೆಯೂ ಇದೆ. ಅದನ್ನು ಮಾತ್ರ ಇವತ್ತೇ ಹಾಕಿಕೊಳ್ಳಿ.

ಇನ್ನೆರಡು ಸಣ್ಣ ಪ್ರಶ್ನೆಗಳು ಬರುತ್ತಿರುತ್ತವೆ. ನಾನು ಮುಟ್ಟದಿದ್ದರೂ ನನ್ನ ಹೆಸರಿನ ಮುಂದೆ ‘ಚು’ ಹೇಗೆ ಬಂತು? ಪುಟದ ಹೆಸರು ಬದಲಿಸಿ ಸ್ಥಳಾಂತರಿಸಿದಾಗ ಇತಿಹಾಸದಲ್ಲಿ ಮೂಡುವ ಸಾಲಿಗೆ ತಂತ್ರಾಂಶ ತಾನೇ ಚುಟುಕು ಗುರುತು ಹಾಕುತ್ತದೆ. ನಿರ್ವಾಹಕರಂಥವರಿಗಿರುವ ಒಂದೇ ಒತ್ತಿನ ಹಿಂತಿರುಗಿಸುವ ಸೌಲಭ್ಯ ಬಳಸಿದಾಗಲೂ ಹಾಗೆಯೇ. ಇನ್ನೊಂದು: ಬೇರೆಯವರ ಸದಸ್ಯ ಚರ್ಚೆ ಪುಟದಲ್ಲಿ ನಾನು ಬರೆದದ್ದಕ್ಕೆ ಟಿಕ್ ಹಾಕಿದರೆ ಅವರಿಗೆ ಸೂಚನೆ ಹೋಗುವುದಿಲ್ಲವಲ್ಲ? ಹೋಗುತ್ತದೆ. ಸಾಮಾನ್ಯ ಸದಸ್ಯರು ಟಿಕ್ ಹಾಕಿದರೂ “ಹೊಸ ಸಂದೇಶವಿದೆ” ಎಂಬ ಸೂಚನೆ ನಿಲ್ಲದು, ಅದಕ್ಕೆ ವಿನಾಯಿತಿ ಇರುವುದು ಬಾಟ್‌ಗಳಿಗೆ, ಅಂದರೆ ತಾವಾಗಿಯೇ ತಿದ್ದುವ ಪ್ರೋಗ್ರಾಮುಗಳಿಗೆ ಮಾತ್ರ. ನಿಮ್ಮದೇ ಹಳೆಯ ಸಂದೇಶದಲ್ಲಿ ಒಂದು ಕೊಂಬು, ಒಂದು ದೀರ್ಘ ತಿದ್ದಲು ಹೋಗಿ ಹಿರಿಯ ಸದಸ್ಯರೊಬ್ಬರಿಗೆ ಒಂದೇ ಸಂಜೆ ನಾಲ್ಕು ಸಲ ಗಂಟೆ ಬಾರಿಸಬೇಡಿ. ಉಳಿಸುವ ಮೊದಲು ಮುನ್ನೋಟ ಒತ್ತಿ ಓದಿಕೊಳ್ಳಿ.